ಅತ್ತರಿನ ಗಾಜಿನ ಪೆಟ್ಟಿಗೆ

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನಾನು ಸುರಪುರದಲ್ಲಿ ಮಾಸ್ತರನಾಗಿದ್ದೆ. ಊರು ಬಿಟ್ಟುಹೋದ ಅತ್ತರಿನ ಅಂಗಡಿಯ ಸಾಹೇಬರು ಶೀಸೆ ಜೋಡಿಸಿಡುತ್ತಿದ್ದ ಗಾಜಿನ ಪೆಟ್ಟಿಗೆಯನ್ನು ಹರಾಜಿನಲ್ಲಿ ಶಾಲೆಗೆಂದು ತಂದೆ. ಅಂಗಡಿಗೆ ಬಂದವರ ಕಿವಿಯಲ್ಲಿ ಅತ್ತರಿನ ಹತ್ತಿ ಇಡದೆ ಸಾಹೇಬರು ಯಾರನ್ನೂ ಕಳಿಸಿದವರಲ್ಲ.

ನೀರಿನಲ್ಲೂ ನೆಲದಲ್ಲೂ ಬದುಕುವ ಜೀವಗಳನ್ನು ಮಕ್ಕಳಿಗೆ ತೋರಿಸುವ ಆಸೆ ನನಗೆ. ಪೆಟ್ಟಿಗೆಯ ಅರ್ಧಕ್ಕೆ ಬೋನಾಳ ಕೆರೆಯ ಮಣ್ಣು ತುಂಬಿದೆ, ಇನ್ನರ್ಧಕ್ಕೆ ನೀರು. ಒಂದೆಲಗ, ಜೊಂಡು ನೆಟ್ಟು ಎರಡು ಕಪ್ಪೆ ಬಿಟ್ಟೆ.

ಮರುದಿನ ಬೆಳಿಗ್ಗೆ ನೋಡಿದರೆ ಯಾರೋ ಸಸಿಗಳನ್ನು ಕಿತ್ತು, ಬೇರು ತೊಳೆದು, ಮುಚ್ಚಳದ ಮೇಲೆ ಸಾಲಾಗಿ ಇಟ್ಟಿದ್ದರು. ನೀರು ಉಗುರುಬೆಚ್ಚಗಿತ್ತು. ಮಣ್ಣಿನಲ್ಲಿ ಶೀಸೆಯ ತಳದಷ್ಟು ದುಂಡನೆಯ ಏಳು ಗುರುತುಗಳಿದ್ದವು. ಕಸ ಗುಡಿಸುವ ಅಯ್ಯಮ್ಮನ ಮೇಲೆ ನನಗೆ ಗುಮಾನಿ.

“ನಾ ಮುಟ್ಟಿಲ್ರೀ ಮಾಸ್ತರ್ರ,” ಎಂದಳು. “ಬಾಗಿಲ ಕೀಲಿ ನಿಮ್ಮ ಕಿಸೇದಾಗ ಐತಿ.”

ನಾಳೆಯಿಂದ ಬರಬೇಡ ಎಂದೆ. ಗುರುತು ಅಳಿಸಿ ಮತ್ತೆ ನೆಟ್ಟೆ. ಅವಳಿಲ್ಲದ ಮರುದಿನವೂ ಹಾಗೇ ಆಗಿತ್ತು.

ಅಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡು ಪೆಟ್ಟಿಗೆಯ ಎದುರು ಒಬ್ಬನೇ ಕೂತೆ. ಕಪ್ಪೆಗಳೆರಡೂ ಕದಲದೆ ನನ್ನ ಬೆನ್ನ ಹಿಂದೆಯೇ ನೋಡುತ್ತಿದ್ದವು. ತಿರುಗಿ ನೋಡಿದೆ, ಯಾರೂ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಹೆಂಡತಿ ಮೋನಮ್ಮ ಕೇಳಿದಳು: “ನಿಮ್ಮ ಕಿವ್ಯಾಗ ಹತ್ತಿ ಯಾರು ಇಟ್ಟಾರ್ರಿ?”