ಸವಕಳಿಗೆ ಬಿಟ್ಟ ಮೂರು ಮಿಲಿಮೀಟರ್

"ನಮ್ಮವರು ಹೋದರ್ರಿ ಅಕ್ಕಾರ. ಹೋದವರ ಮ್ಯಾಲೇ ತಪ್ಪು ಹೊರಸ್ಯಾರ," ಎಂದು ರಹಿಮಾಬಿ ಬಾಗಿಲಲ್ಲೇ ಕುಸಿದು ಕುಳಿತಳು.

ಏಕಸಂಬಿ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಹಬೆಯ ಪೈಪು ಸಿಡಿದು ಅವಳ ಗಂಡ ಇಮಾಮಸಾಬ ತೀರಿಕೊಂಡಿದ್ದ. ಅವನು ವಾಲ್ವನ್ನು ಒಮ್ಮೆಲೇ ತೆರೆದದ್ದೇ ಕಾರಣವೆಂದು ಕಾರ್ಖಾನೆ ವರದಿ ಬರೆದು ಕೈತೊಳೆದುಕೊಂಡಿತ್ತು. ಚಿಕ್ಕೋಡಿಯಲ್ಲಿ ಇಂಥ ಗಂಟು ಬಿಡಿಸಲು ಜನ ಬರುತ್ತಿದ್ದುದು ನಿವೃತ್ತ ಬಾಯ್ಲರ್ ತಪಾಸಣಾಧಿಕಾರಿ ರಾಜಮತಿಯವರ ಮನೆಗೆ. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಉಪನ್ಯಾಸಕಿ ಫರಹೀನ ಪ್ರತಿ ತನಿಖೆಗೂ ಜೊತೆಗಾತಿ.

ಕಾರ್ಖಾನೆಯ ಎಂಜಿನಿಯರ್ ಸಮ್ಮೇದ ಇಬ್ಬರನ್ನೂ ಒಳಗೆ ಕರೆದೊಯ್ದ. ಪೈಪು ವಾಲ್ವಿನಿಂದ ದೂರ, ನೇರ ಭಾಗದಲ್ಲಿ ಸೀಳಿತ್ತು. ರಾಜಮತಿ ಅಂಚಿನ ದಪ್ಪ ಅಳೆದರು: ಐದು ಮಿಲಿಮೀಟರ್. ಒತ್ತಡದ ಮಾಪಕದ ಕೆಂಪು ಗೆರೆಗೆ ಹೊಸ ಬಣ್ಣ. ಅದಕ್ಕಿಂತ ಕೆಳಗೆ ಹಳೆಯ ಗೆರೆಯ ಕಲೆ. ಪೈಪಿನ ಕೆಳಗೆ ನೆಲದ ಮೇಲೆ ಮೇಜಿನ ಕಾಲುಗಳ ಗುರುತಿತ್ತು. ಮೇಜು ಮಾತ್ರ ಇಟ್ಟಿಗೆ ಗೋಡೆಯ ಆಚೆ, ಕಬ್ಬು ಅರೆಯುವ ಗಾಣದ ಮಗ್ಗುಲಲ್ಲಿತ್ತು.

"ಒತ್ತಡ ಏರಿಸೀರೇನು?" ರಾಜಮತಿ ಕೇಳಿದರು.

"ಹೌದ್ರಿ. ಪೈಪ್ ಎಂಟು ಮಿಲಿಮೀಟರ್ ಐತಿ, ಲೆಕ್ಕದಾಗ ತಡಕೊತೈತಿ," ಎಂದ ಸಮ್ಮೇದ.

"ಆ ಮೇಜು?"

"ನಂದ್ರಿ. ಒತ್ತಡ ಏರಿಸಿದ ದಿನಾನ, ಇಲ್ಲಿ ಗದ್ಲ ಭಾಳ ಅಂತ ಆಚೆ ಇಟ್ಟೀನಿ."

ಮರುದಿನ ಮ್ಯಾನೇಜರ್ ಬಾಬಾಸಾಹೇಬರ ಕೋಣೆಯಲ್ಲಿ ಎಲ್ಲರೂ ಸೇರಿದರು.

"ವಾಲ್ವ್ ತೆರೆದ ಹೊಡೆತ ಇದ್ರ ಪೈಪಿನ ತಿರುವು ಒಡೀತಿತ್ತು," ಎಂದರು ರಾಜಮತಿ. "ಸೀಳಿದ್ದು ಸವದ ಜಾಗಾ. ತುಕ್ಕು ತಿನ್ನಲಿ ಅಂತನ ಪೈಪಿಗೆ ಮೂರು ಮಿಲಿಮೀಟರ್ ಹೆಚ್ಚಿಗಿ ಇಟ್ಟಿರ್ತಾರ. ಬಲದ ಲೆಕ್ಕದಾಗ ಅದನ್ನ ಕಳದು ಐದಕ್ಕ ನೋಡಬೇಕು. ಸಮ್ಮೇದ ಎಂಟಕ್ಕ ನೋಡಿ ಒತ್ತಡ ಏರಿಸ್ಯಾರ. ಆ ಮೂರನ್ನ ತುಕ್ಕು ಆಗಲೇ ತಿಂದಿತ್ತು."

"ಕಳೀಯೂದು ಮರತೀನ್ರಿ," ಎಂದ ಸಮ್ಮೇದ.

"ಮರತವ್ರು ಮೇಜು ಸರಸೂದಿಲ್ಲ. ಗಾಣದ ಹತ್ತರ ಗದ್ಲ ಇನ್ನೂ ಜಾಸ್ತಿ. ನೀವು ಹೋಗಿದ್ದು ಗೋಡೆ ಮರೀಗೆ. ಇಮಾಮಸಾಬನ್ನ ಪೈಪಿನ ಕೆಳಗನ ಬಿಟ್ರಿ."

ಸಮ್ಮೇದ ತಲೆ ಎತ್ತಲಿಲ್ಲ. "ಕಬ್ಬು ಲಗೂನ ಅರೀಬೇಕು ಅಂದ್ರು. ನಾ ಒಲ್ಲೆ ಅಂದಿದ್ರ ಬ್ಯಾರೆಯವರು ಸಹಿ ಮಾಡತಿದ್ರು."

ಫರಹೀನ ಬಾಬಾಸಾಹೇಬರ ಮುಖ ನೋಡಿದಳು. ಅವರು ಶಾಂತವಾಗಿಯೇ ಎದ್ದರು. "ವರದಿ ಮ್ಯಾಲಕ್ಕ ಹೋಗೇತ್ರಿ. ಹಂಗಾಮು ನಡದೈತಿ. ಇನ್ನ ಅದು ಬದಲಾಗೂದಿಲ್ಲ."

ರಾಜಮತಿ ಇಲಾಖೆಗೆ ಬರೆದರು, ಉತ್ತರ ಬರಲಿಲ್ಲ. ಕಾರ್ಖಾನೆ ಒಡೆದ ತುಂಡನ್ನಷ್ಟೇ ಬದಲಿಸಿ, ಉಳಿದ ಹಳೆಯ ಪೈಪಿನಲ್ಲೇ ಹಬೆ ಬಿಟ್ಟಿತು.

"ಅವರ ತಪ್ಪಲ್ಲ ಅಂತ ನನಗ ಗೊತ್ತಾತ್ರಿ," ಎಂದಳು ರಹಿಮಾಬಿ. "ಇನ್ನ ಇದನ್ನ ಯಾರ ಮುಂದ ಹೇಳ್ಲಿ?"