ಮೂರನೇ ಕಿಟಕಿ

“ಎಲ್ಲೇ ನಿಮ್ಮಪ್ಪನ ಕಿಟಕಿ?”

ಕೇಳಿದವನು ರೇಡಿಯೋ. ಅವನ ನಿಜವಾದ ಹೆಸರು ಮಿಸ್ಸಿಗೂ ಮರೆತುಹೋಗಿತ್ತು. ಬೆಳಗ್ಗೆ ಆನ್ ಆದನೆಂದರೆ ಸ್ಕೂಲು ಬಿಡುವವರೆಗೂ ಆಫ್ ಆಗುವ ಹುಡುಗನಲ್ಲ.

ಚಿಟ್ಟು ಮತ್ತೊಮ್ಮೆ ಎಣಿಸಿದಳು. ಒಂದು, ಎರಡು. ಮೂರಾಳೆತ್ತರದ ಕಮಾನು ಕಿಟಕಿಗಳು. ಕ್ಲಾಸಿನವರೆಲ್ಲ ನೋಡಲು ಬಂದಿದ್ದ ಪವರ್‌ಹೌಸಿನ ನೆಲದ ಮೇಲೆ ಅವುಗಳ ಬಿಸಿಲು ಉದ್ದಕ್ಕೆ ಮಲಗಿತ್ತು. ಮೂರನೆಯದು ಇರಬೇಕಾದ ಕಡೆ ಬರೀ ಗೋಡೆ, ಗೋಡೆಗೆ ಆತುಕೊಂಡು ದಪ್ಪನೆಯ ಕಬ್ಬಿಣದ ಕಂಬ. ಅದರಾಚೆ ಮತ್ತೆ ಎರಡು ಕಿಟಕಿ.

ಹೊರಗಿನಿಂದ ಐದಿವೆಯಲ್ಲ! ಬೆಳಗ್ಗೆ ಎಂಟೂಮುಕ್ಕಾಲಿಗೆ ಸ್ಕೂಲ್ ಬಸ್ಸು ಸೇತುವೆ ದಾಟುವಾಗ ದಿನಾ ನೋಡುತ್ತಾಳೆ. “ಮಧ್ಯದ್ದು ನಮ್ಮಪ್ಪಂದು. ಅಲ್ಲೇ ಕೂತು ಹೊಳೆ ನೋಡ್ತಾ ಮಷಿನ್ ಓಡಿಸ್ತಾರೆ. ನಾನು ಟಾಟಾ ಮಾಡಿದ್ರೆ ಅವರೂ ಮಾಡ್ತಾರೆ” ಎಂದು ಮೂರು ವರ್ಷದಿಂದ ಇಡೀ ಬಸ್ಸಿಗೆ ಹೇಳಿಕೊಂಡು ಬಂದಿದ್ದಾಳೆ. ಅದಕ್ಕೆಂದೇ ಪವರ್‌ಹೌಸ್ ಕಡೆಯ ಸೀಟನ್ನು ಎಲ್ಲರೂ ಅವಳಿಗೆ ಬಿಟ್ಟುಕೊಡುತ್ತಿದ್ದರು.

“ಅದು ಸುಳ್ಳು ಕಿಟಕಿ ಕಣಮ್ಮ” ಎಂದರು ಕಟ್ಟಡ ತೋರಿಸುತ್ತಿದ್ದ ಇಂಜಿನಿಯರ್ ಮೇಡಂ. “ಮೇಲೆ ಕ್ರೇನ್ ಇದೆ ನೋಡಿ, ಆನೆಗಿಂತ ಭಾರದ ಮಷಿನ್ ಎತ್ತುತ್ತೆ. ಅದನ್ನ ಹೊರೋಕೆ ಅಲ್ಲಿ ಕಂಬ ಬೇಕಾಯ್ತು. ಆದ್ರೆ ಆ ಕಾಲದಲ್ಲಿ ಕಟ್ಟಿದವರಿಗೆ ಒಂದು ಆಸೆ, ಊರಿನ ಕಡೆಯ ಮುಖ ಹಲ್ಲು ಬಿದ್ದ ಬಾಯಿ ಥರ ಕಾಣಬಾರ್ದು ಅಂತ. ಒಳಗೆ ಇಟ್ಟಿಗೆ ಕಟ್ಟಿ, ಹೊರಗಡೆ ಚೌಕಟ್ಟು, ಕಪ್ಪು ಗಾಜು ಕೂರ್ಸಿಬಿಟ್ರು.”

“ಹಾಗಾದ್ರೆ ಇವಳಿಗೆ ಟಾಟಾ ಮಾಡ್ತಿದ್ದಿದ್ದು ಇಟ್ಟಿಗೆ!” ಎಂದ ರೇಡಿಯೋ.

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು.

“ಸುಳ್ಳಿ! ನಾಳೆಯಿಂದ ಆ ಸೀಟು ನಂದು” ಎಂದು ಹಿಂದಿನಿಂದ ಯಾರೋ ಕೂಗಿದರು.

“ನಾನೇನೂ ಸುಳ್ಳು ಹೇಳಿಲ್ಲ. ನಮ್ಮಪ್ಪನೇ ಹೇಳಿದ್ದು!” ಚಿಟ್ಟುವಿನ ಕಿವಿ ಕೆಂಡದಂತೆ ಬಿಸಿಯಾಗಿತ್ತು.

ಅಷ್ಟರಲ್ಲಿ ಕೆಳಗಿನಿಂದ ಕಬ್ಬಿಣದ ಮೆಟ್ಟಿಲು ಹತ್ತಿಕೊಂಡು ಅವಳ ಅಪ್ಪನೇ ಬಂದರು. ಕೈಯಲ್ಲಿ ಎಣ್ಣೆ ಒರೆಸುವ ಬಟ್ಟೆ.

“ಅಂಕಲ್, ನಿಮ್ಮ ಕಿಟಕಿ ಯಾವ್ದು?” ಎಂದ ರೇಡಿಯೋ.

ಅಪ್ಪ ಗೋಡೆ ನೋಡಿದರು, ಮಗಳನ್ನು ನೋಡಿದರು, ಕತ್ತು ತುರಿಸಿಕೊಂಡರು. ಕತೆ ಕಟ್ಟಲು ಹೊರಟಾಗೆಲ್ಲ ಅವರು ತುರಿಸಿಕೊಳ್ಳುವುದು ಹಾಗೇ. ಚಿಟ್ಟುಗೆ ನೆನಪಾಯಿತು. ಮೊದಲ ದಿನ ಬಸ್ಸು ಹತ್ತಲಾರೆನೆಂದು ಅಪ್ಪನ ಅಂಗಿ ಹಿಡಿದು ಅತ್ತಾಗಲೂ ಅವರು ಹೀಗೇ ಕತ್ತು ತುರಿಸಿಕೊಂಡಿದ್ದರು. ಆಮೇಲೆ, “ಅಳ್ಬೇಡ ಮರಿ, ಸೇತುವೆ ಮೇಲಿಂದ ಮಧ್ಯದ ಕಿಟಕಿ ನೋಡು, ನಾನು ಅಲ್ಲೇ ಇರ್ತೀನಿ” ಎಂದಿದ್ದರು.

“ಅದು ಏನಂದ್ರೆ ಮಕ್ಕಳೇ...”

“ಅಪ್ಪಾ” ಎಂದು ಚಿಟ್ಟು ನಡುವೆಯೇ ತಡೆದಳು. “ನೀನು ನಿಜವಾಗ್ಲೂ ಕೂತ್ಕೊಳ್ಳೋ ಜಾಗ ತೋರ್ಸು. ಎಲ್ಲರೂ ನೋಡ್ಲಿ.”

ಇಪ್ಪತ್ತಾರು ಮೆಟ್ಟಿಲು. ಇಳಿದಷ್ಟೂ ತಣ್ಣಗೆ, ಇಳಿದಷ್ಟೂ ಸದ್ದು. ಕೆಳಗಿನ ಕೋಣೆಯಲ್ಲಿ ಕಿಟಕಿಯೇ ಇರಲಿಲ್ಲ. ನಡುಹಗಲಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಗೋಡೆ ಮುಟ್ಟಿದರೆ ಗಡಗಡ ನಡುಕ. ಆಚೆ ಕಡೆ ಹೊಳೆಯೇ ನುಗ್ಗುತ್ತಿತ್ತು. ಮರದ ತೊಲೆಯಷ್ಟು ದಪ್ಪದ ಉಕ್ಕಿನ ದಂಡವೊಂದು ಗಿರಗಿರ ಸುತ್ತುತ್ತಿತ್ತು. ಅದರ ಮುಂದೆ ಒಂದು ಸ್ಟೂಲು, ಒಂದು ನೋಟ್‌ಬುಕ್ಕು, ಅಷ್ಟೇ.

ಯಾರೂ ನಗಲಿಲ್ಲ. ಆ ಸದ್ದಿನಲ್ಲಿ ನಕ್ಕರೂ ಕೇಳಿಸುತ್ತಿರಲಿಲ್ಲ ಅನ್ನಿ. ಚಿಟ್ಟು ಸ್ಟೂಲಿನ ಮೇಲೆ ಕೂತು ನೋಡಿದಳು. ಇಲ್ಲಿಂದ ಹೊಳೆ ಕಾಣದು, ಸೇತುವೆ ಕಾಣದು. ಕಾಣುವುದು ಎದುರಿನ ಗಡಿಯಾರವೊಂದೇ.

ಗಡಿಯಾರದ ಕೆಳಗೆ ಕೆಂಪು ಇನ್ಸುಲೇಷನ್ ಟೇಪಿನ ಒಂದು ಚೂರು. ಅದರ ಮೇಲೆ ಮಾಸಿದ ಪೆನ್ನಿನಲ್ಲಿ ಅಪ್ಪನ ಅಕ್ಷರ: ‘ಬಸ್ಸು 8.45’.

ಚಿಟ್ಟು ಅಪ್ಪನ ಕಡೆ ತಿರುಗಿದಳು. ಅವರು ಆಗಲೇ ಒರೆಸಿ ಮುಗಿಸಿದ್ದ ಕೈಯನ್ನು ಮತ್ತೆ ಒರೆಸಿಕೊಳ್ಳುತ್ತಿದ್ದರು.

“ಏನೇ ಅದು ಬರ್ದಿರೋದು?” ಎಂದು ರೇಡಿಯೋ ಅವಳ ಕಿವಿಯಲ್ಲಿ ಕಿರುಚಿದ.

ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಕಿವಿ ತೋರಿಸಿ, ಕೇಳಿಸ್ತಿಲ್ಲ ಎಂದು ತಲೆಯಾಡಿಸಿದಳು.