ಒಂದು ರೆಕ್ಕೆಯಷ್ಟು ಬ್ರೌನ್

"ಒಂದ್ ರೆಕ್ಕೆ ಮಾತ್ರ," ಎಂದಳು ಸೌಜನ್ಯ. "ಇನ್ನೊಂದ್ ರೆಕ್ಕೆ ನಾಳೆ."

ಸುಜಿತ್ ಕ್ರೇಯಾನ್ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಅವನ ಗೂಬೆಯ ಒಂದು ರೆಕ್ಕೆ ಬ್ರೌನ್ ಆಗಿತ್ತು, ಇನ್ನೊಂದು ಬೋಳಾಗಿತ್ತು.

"ಒಂದೇ ರೆಕ್ಕೆಯಗೆ ಅದ್ ಹಾರೂದ್ ಹ್ಯಾಂಗೆ?"

"ನಾಳೆ ತನ್ಕ ಕೂಕಂಡಿರ್ಲಿ. ಗೂಬೆ ಹಗಲಿಗೆ ಹಾರೂದಿಲ್ಲ ಅಂದ್ ಮಿಸ್ ಹೇಳಿರಲೆ."

ಸುಜಿತ್ ಸಪ್ಪೆ ಮುಖ ಮಾಡಿ ಕ್ರೇಯಾನ್ ವಾಪಸ್ ಕೊಟ್ಟ. ಅವನ ಹಿಂದೆ ಇನ್ನೂ ಒಂದು ಸಾಲೇ ನಿಂತಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಗೂಬೆ.

ಕೋಟೇಶ್ವರದ ಹತ್ತಿರದ ಆ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆಗ 'ಔಲ್ ವೀಕ್' ನಡೆಯುತ್ತಿತ್ತು. ಪ್ರಿನ್ಸಿಪಾಲ್ ಗುರುಪ್ರಸಾದ್ ಸರ್ ಎಲ್ಲಿಗೋ ಟ್ರೇನಿಂಗಿಗೆ ಹೋಗಿ ಬಂದವರು ಸೋಮವಾರದ ಅಸೆಂಬ್ಲಿಯಲ್ಲಿ ಉದ್ದ ಭಾಷಣ ಮಾಡಿದ್ದರು. "ಗೂಬೆ ಅಪಶಕುನ ಎನ್ನುವುದು ಮೂಢನಂಬಿಕೆ. ಗೂಬೆ ಇಲಿ ತಿನ್ನುತ್ತದೆ, ಅದು ರೈತನ ಮಿತ್ರ. ನೀವು ಬಣ್ಣ ಹಚ್ಚುತ್ತಾ ಹಚ್ಚುತ್ತಾ ಗೂಬೆಯ ಜಾತಿಗಳನ್ನೆಲ್ಲ ಕಲಿಯಬೇಕು. ಶನಿವಾರ ಪ್ರದರ್ಶನ. ಫಸ್ಟ್ ಪ್ರೈಜ್ ಇದೆ." ಮಕ್ಕಳು ಬಿಸಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ಐದನೇ ಕ್ಲಾಸಿನ ಯಾಮಿನಿ ಮಿಸ್ ಇಂಟರ್‌ನೆಟ್ಟಿನಿಂದ ಗೂಬೆಗಳನ್ನು ಇಳಿಸಿ, ಪ್ರಿಂಟ್ ತೆಗೆದು, ಒಬ್ಬೊಬ್ಬರಿಗೆ ಒಂದೊಂದು ಹಂಚಿದರು. ಹೃದಯದಾಕಾರದ ಮುಖದ ಬಾರ್ನ್ ಔಲ್, ಹೊಳೆ ಬದಿಯಲ್ಲಿ ಕೂತು ಮೀನು ಹಿಡಿಯುವ ಫಿಶ್ ಔಲ್, ಕೊಂಬಿರುವ ಈಗಲ್ ಔಲ್. ಯಾವುದಕ್ಕೆ ಯಾವ ಬಣ್ಣ ಹಚ್ಚಬೇಕೆಂದು ಕಾಗದದ ಕೆಳಗೆ ಬರೆದಿತ್ತು. ಒಂದಕ್ಕೆ ಬ್ರೌನ್, ಒಂದಕ್ಕೆ ತಿಳಿ ಬ್ರೌನ್, ಒಂದಕ್ಕೆ ಕಡು ಬ್ರೌನ್.

ತೊಂದರೆ ಶುರುವಾದದ್ದೇ ಅಲ್ಲಿ. ಕ್ರೇಯಾನ್ ಡಬ್ಬಿಯಲ್ಲಿ ಇರುವುದು ಒಂದೇ ಬ್ರೌನ್. ಅದನ್ನೂ ಮಕ್ಕಳು ಒಂದನೇ ಕ್ಲಾಸಿನಿಂದ ಮರದ ಕಾಂಡಕ್ಕೆ, ಗುಡ್ಡಕ್ಕೆ, ಮನೆಯ ಬಾಗಿಲಿಗೆ ಬಳಿದು ಬಳಿದು ಉಗುರಿನಷ್ಟು ಮಾಡಿಟ್ಟಿದ್ದರು. ಗೂಬೆಯ ಒಂದು ಕಿವಿ ಆಗುವಷ್ಟರಲ್ಲಿ ಕ್ಲಾಸಿನ ಬ್ರೌನೆಲ್ಲ ಮುಗಿದುಹೋಯಿತು.

ಸೌಜನ್ಯಳ ಬಳಿ ಮಾತ್ರ ಮುಗಿಯಲಿಲ್ಲ. ಮುಂಬೈಯಲ್ಲಿ ಹೋಟೆಲಿನಲ್ಲಿರುವ ಅವಳ ಅಶೋಕ್ ಮಾವ ಊರಿಗೆ ಬಂದಾಗ ದೊಡ್ಡದೊಂದು ಬಣ್ಣದ ಡಬ್ಬಿ ತಂದುಕೊಟ್ಟಿದ್ದರು. ಅದರಲ್ಲಿ ಬ್ರೌನಿನದೇ ಒಂದು ಸಾಲಿತ್ತು. ಮಣ್ಣಿನ ಬ್ರೌನ್, ಕಾಫಿ ಬ್ರೌನ್, ಚಾಕಲೇಟ್ ಬ್ರೌನ್. ತಮಾಷೆಯೆಂದರೆ ಅವಳಿಗೆ ಬಂದದ್ದು ಹಿಮದ ನಾಡಿನ ಸ್ನೋಯಿ ಔಲ್. ಅದರ ಕೆಳಗೆ ಬರೆದದ್ದು ಇಷ್ಟೇ: ಮೈ ಬಿಳಿ, ಕಣ್ಣು ಹಳದಿ.

ಮೊದಲು ಅವಳು ಕೇಳಿದವರಿಗೆಲ್ಲ ಸುಮ್ಮನೆ ಕೊಟ್ಟಳು. ಸುಜಿತ್ ಒತ್ತಿ ಒತ್ತಿ ಬಳಿದು ಕಾಫಿ ಬ್ರೌನ್ ಮುರಿದ ಮೇಲೆ ರೂಲ್ಸ್ ಬಂತು. ಒಬ್ಬರಿಗೆ ಒಂದು ರೆಕ್ಕೆ. ಬಾಲ ಬೇಕಾದರೆ ಬೇರೆ ಕ್ಯೂ.

ಅದುವರೆಗೆ ಸೌಜನ್ಯ ಕ್ಲಾಸಿನಲ್ಲಿ ಇದ್ದಾಳೋ ಇಲ್ಲವೋ ಎಂದು ಯಾರೂ ಅಷ್ಟಾಗಿ ನೋಡಿದವರಲ್ಲ. ಈಗ ಮಧ್ಯಾಹ್ನ ಅವಳ ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಯಾರದೋ ಗೋಳಿಬಜೆ, ಯಾರದೋ ಚಕ್ಕುಲಿ ಬಂದು ಕೂರುತ್ತಿತ್ತು. ಸಂಜೆ ಅವಳ ಬ್ಯಾಗನ್ನು ವ್ಯಾನಿನ ತನಕ ಹೊರಲು ಇಬ್ಬರು ಜಗಳ ಮಾಡಿದರು. ಬಾಲದ ಕ್ಯೂನಲ್ಲಿ ನಿಂತವರಂತೂ ಅವಳು ಕೆಮ್ಮಿದರೆ ನೀರಿನ ಬಾಟಲಿ ಚಾಚುತ್ತಿದ್ದರು.

ಕ್ಯೂಗೆ ಬಾರದವಳು ಒಬ್ಬಳೇ, ಪದ್ದು.

ಪದ್ದು ಅವಳದೇ ಬೆಂಚಿನವಳು, ಅವಳದೇ ಊರಾದ ಬೀಜಾಡಿಯವಳು. ಪದ್ದುವಿಗೆ ಬಂದದ್ದು ಸ್ಪಾಟೆಡ್ ಔಲೆಟ್. "ಇದು ನಮ್ಮ ಹಾಲಕ್ಕಿ ಮಕ್ಕಳೇ, ಸಣ್ಣ ಗೂಬೆ, ಮೈಮೇಲೆ ಬಿಳಿ ಚುಕ್ಕೆ," ಎಂದಿದ್ದರು ಮಿಸ್. ಪದ್ದುವಿನ ಬಣ್ಣದ ಡಬ್ಬಿ ಅವಳ ಅಣ್ಣ ಉಪಯೋಗಿಸಿ ಬಿಟ್ಟದ್ದು. ಅದರಲ್ಲಿ ಬ್ರೌನ್ ಇದ್ದ ಜಾಗ ಮಾತ್ರ ಇತ್ತು.

'ಕೇಂಡ್ರೆ ಎರಡೂ ರೆಕ್ಕೆಗೆ ಕೊಡ್ತೆ,' ಎಂದುಕೊಂಡಳು ಸೌಜನ್ಯ. 'ಆದ್ರೆ ಕೇಣ್ಕಲೆ.' ಪದ್ದು ಬಾಯಿಬಿಟ್ಟು ಕೇಳಲಿ ಎಂದು ಡಬ್ಬಿಯನ್ನು ಬೆಂಚಿನ ನಡುವೆ ಇಟ್ಟು ನೋಡಿದಳು. ಒಮ್ಮೆ ಸುಮ್ಮನೆ ಮುಚ್ಚಳ ತೆಗೆದು ಹಾಕಿದಳು. ಪದ್ದು ತಲೆ ತಗ್ಗಿಸಿ ಪೆನ್ಸಿಲ್ ಚೂಪು ಮಾಡುತ್ತಾ ಕೂತಳು.

ಬುಧವಾರ ಯಾಮಿನಿ ಮಿಸ್, "ಉಳಿದದ್ದನ್ನು ಮನೆಯಲ್ಲಿ ಮುಗಿಸಿ ಶುಕ್ರವಾರ ತನ್ನಿ," ಎಂದರು. ಅಲ್ಲಿಗೆ ಗೂಬೆಗಳು ದೊಡ್ಡವರ ಕೈಗೆ ಸಿಕ್ಕವು.

ಅಪ್ಪ ಅಮ್ಮಂದಿರ ವಾಟ್ಸಾಪ್ ಗ್ರೂಪಿನಲ್ಲಿ ಆ ಸಂಜೆ ಬೇರೆ ಮಾತೇ ಇಲ್ಲ. ಬ್ರೌನ್ ಎಲ್ಲಿ ಸಿಗುತ್ತದೆ? ನಮ್ಮವನ ಗೂಬೆಗೆ ಕಿವಿ ಯಾಕಿಲ್ಲ? ಇದಕ್ಕೆ ಮಾರ್ಕ್ಸ್ ಇದೆಯಾ? ಕೊನೆಯ ಪ್ರಶ್ನೆಗೆ ಯಾಮಿನಿ ಮಿಸ್ ಒಂದು ನಗುಮುಖದ ಚಿತ್ರ ಕಳಿಸಿದರು. ಇದೆ ಎಂದೇ ಅದರ ಅರ್ಥ ಎಂದು ಎಲ್ಲರೂ ತಿಳಿದುಕೊಂಡರು.

ಸುಜಿತನ ಅಪ್ಪ ಜಿತೇಂದ್ರ ಅವರದು ಕೋಟೇಶ್ವರದಲ್ಲಿ ಫ್ಯಾನ್ಸಿ ಸ್ಟೋರು. ಅವರು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಸೀದಾ ಉಡುಪಿಗೆ ಹೋಗಿ ಬರೀ ಬ್ರೌನ್ ಕ್ರೇಯಾನುಗಳದೇ ಪೆಟ್ಟಿಗೆ ತಂದರು. ಅಂಗಡಿಯ ಬಾಗಿಲಿಗೆ ಬೋರ್ಡೂ ತೂಗುಹಾಕಿದರು: 'ಗೂಬೆ ಬ್ರೌನ್ ದೊರೆಯುತ್ತದೆ.'

ಗುರುವಾರ ಸೌಜನ್ಯ ಕ್ಲಾಸಿಗೆ ಬಂದಾಗ ಎಲ್ಲ ಬೆಂಚಿನ ಮೇಲೂ ಬೆರಳುದ್ದದ ಹೊಸ ಬ್ರೌನ್. ಕ್ಯೂ ಇಲ್ಲ. ಚಕ್ಕುಲಿ ಇಲ್ಲ. ಅವಳು ಎರಡು ಸಲ ಕೆಮ್ಮಿದರೂ ಯಾರೂ ತಿರುಗಿ ನೋಡಲಿಲ್ಲ. ಸುಜಿತ್ ಮಾತ್ರ ದೊಡ್ಡ ಮನಸ್ಸು ಮಾಡಿ ಬಂದ.

"ನಿಂಗೂ ಬೇಕಾ? ನಮ್ಮನೆಗೆ ರಾಶಿ ಇತ್ತ್."

"ನಂದ್ ಬಿಳಿ ಗೂಬೆ," ಎಂದಳು ಸೌಜನ್ಯ.

ಸಂಜೆ ಬ್ಯಾಗನ್ನು ತಾನೇ ಹೊತ್ತು ಮನೆಗೆ ಬಂದಳು. ಡಬ್ಬಿ ತೆರೆದು ನೋಡಿದರೆ ಚಾಕಲೇಟ್ ಬ್ರೌನ್ ಅರ್ಧದಷ್ಟು ಉಳಿದಿತ್ತು. ಈಗ ಅದು ಯಾರಿಗೂ ಬೇಡ. ಬೇಡವಾದದ್ದನ್ನು ಕೊಡುವುದು ಸುಲಭ. ಅವಳು ಅದನ್ನು ಲಂಗದ ಜೇಬಿಗೆ ಹಾಕಿಕೊಂಡು ಪದ್ದುವಿನ ಮನೆಗೆ ನಡೆದಳು.

ಪದ್ದುವಿನ ಅಜ್ಜ ಚಂದಯ್ಯ ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ಬಿಡಿಸಿ ಹಿಡಿಸೂಡಿ ಕಟ್ಟುತ್ತಿದ್ದರು.

"ಬಾ ಮಗಾ. ಪದ್ದು ಒಳ್ಗ್ ಇತ್ತ್. ನಿನ್ನೆ ಎಂತದೋ ಚಿತ್ರ ತಂದಿತ್ತ್ ಅದ್. ಆ ಹಕ್ಕಿದ್." ಅಜ್ಜ ಗೂಬೆಯ ಹೆಸರನ್ನು ಬಾಯಿಂದ ತೆಗೆಯುವವರಲ್ಲ. "ನಾ ಮನಿ ಒಳ್ಗ್ ತಪ್ಪುಕ್ ಬಿಡ್ಲಿಲ್ಲ. ಬಾವಿಕಟ್ಟೆ ಮೇಲ್ ಕೂಕಂಡ್ ಬಣ್ಣ ಹಾಕ್ತಿದ್ದಿತ್. ಈಗ ಕಾಣ್, ಒಳ್ಳೆ ಗಿಳಿ ಬರ್ದಿತ್. ಗ್ವಾಡಿಗ್ ಅಂಟ್ಸ್ ಅಂದೆ."

ಪದ್ದು ಚಿತ್ರ ಹಿಡಿದುಕೊಂಡು ಹೊರಗೆ ಬಂದಳು. ಹಾಲಕ್ಕಿ ಹಸಿರಾಗಿತ್ತು. ರೆಕ್ಕೆ ಹಸಿರು, ಹೊಟ್ಟೆ ತಿಳಿ ಹಸಿರು, ಕೊಕ್ಕು ಕೆಂಪು. ಬಿಳಿ ಚುಕ್ಕೆಗಳನ್ನು ಮಾತ್ರ ಒಂದೂ ಬಿಡದೆ ಉಳಿಸಿದ್ದಳು. ಕಣ್ಣುಗಳು ದುಂಡಗೆ, ದೊಡ್ಡದಾಗಿ ಸೌಜನ್ಯಳನ್ನೇ ನೋಡುತ್ತಿದ್ದವು. ಬೀಜಾಡಿಯ ಯಾವ ಗಿಳಿಗೂ ಅಷ್ಟು ದೊಡ್ಡ ಕಣ್ಣಿರಲಿಲ್ಲ.

"ಬ್ರೌನ್ ತಕಂಬಂದೆ," ಎಂದಳು ಸೌಜನ್ಯ.

"ಬ್ಯಾಡ. ಆಯ್ತ್."

"ಎರಡೂ ರೆಕ್ಕೆಗೆ ಹಾಕ್ಲಕ್ಕ್."

"ಆಯ್ತ್ ಅಂದ್ನಲೆ," ಎಂದಳು ಪದ್ದು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸೌಜನ್ಯ ಎರಡು ಮಾತು ಜಗಳವಾಡಿ ರಾಜಿಯಾಗುತ್ತಿದ್ದಳು. ಈಗ ಕ್ರೇಯಾನನ್ನು ಜೇಬಿನಲ್ಲೇ ಇಟ್ಟುಕೊಂಡು ವಾಪಸ್ ಬಂದಳು. ರಾತ್ರಿ ಊಟಕ್ಕೆ ಮೊದಲು ಸ್ನೋಯಿ ಔಲ್‌ನ ಎರಡು ಕಣ್ಣಿಗೆ ಹಳದಿ ತುಂಬಿದಳು. ಅಲ್ಲಿಗೆ ಅವಳ ಗೂಬೆ ಮುಗಿಯಿತು.

ಶನಿವಾರ ಬೆಳಿಗ್ಗೆಯೇ ಹಾಲ್ ತುಂಬಿತು. ಆದರೆ ಕಾರ್ಯಕ್ರಮ ಶುರುವಾಗಲಿಲ್ಲ. "ಮೈಕ್ ಸರಿಯಿಲ್ಲ, ದಯವಿಟ್ಟು ಸ್ವಲ್ಪ ಕಾಯಿರಿ," ಎಂದು ಗುರುಪ್ರಸಾದ್ ಸರ್ ಮೈಕಿನಲ್ಲೇ ಹೇಳಿದರು. ಮಾತು ಹಿಂದಿನ ಗೋಡೆಗೆ ಬಡಿದು ವಾಪಸ್ ಬಂತು.

"ರಾಹುಕಾಲ ಕಳೀಕಲೆ," ಎಂದು ಜಿತೇಂದ್ರ ಪಕ್ಕದವರ ಕಿವಿಯಲ್ಲಿ ಹೇಳಿದರು. ರಾಹುಕಾಲ ಕಳೆಯಿತು. ಮೈಕ್ ಸರಿಯಾಯಿತು.

ಗೋಡೆಯ ತುಂಬ ಗೂಬೆಗಳು. ಎಲ್ಲದಕ್ಕೂ ಒಂದೇ ಅಂಗಡಿಯ ಒಂದೇ ಬ್ರೌನ್. ಸುಜಿತನ ಫಿಶ್ ಔಲ್‌ಗೆ ಬ್ಯಾನರ್ ಬರೆಯುವ ಅಂಕಲ್ ಶೇಡಿಂಗ್ ಕೊಟ್ಟಿದ್ದರು. ಹೆಸರು ಬರೆದ ಚೀಟಿಗಳು ಫ್ಯಾನಿನ ಗಾಳಿಗೆ ಹಾರಿ ಬಿದ್ದಿದ್ದರಿಂದ ಯಾರೋ ಎತ್ತಿ ಕೈಗೆ ಸಿಕ್ಕಿದ ಹಾಗೆ ಅಂಟಿಸಿದ್ದರು. ಯಾವುದು ಬಾರ್ನ್ ಔಲ್, ಯಾವುದು ಈಗಲ್ ಔಲ್ ಎಂದು ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಒಬ್ಬರು ಅಮ್ಮ ಬೇರೆ ಯಾರದೋ ಮಗನ ಗೂಬೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಗುರುಪ್ರಸಾದ್ ಸರ್ ಕೈ ಹಿಂದೆ ಕಟ್ಟಿ ನೋಡುತ್ತಾ ಬಂದವರು ಹಸಿರು ಹಾಲಕ್ಕಿಯ ಮುಂದೆ ನಿಂತರು.

"ಗಿಳಿ ಇಲ್ಲಿಗೆ ಹೇಗೆ ಬಂತು?"

"ಅದು ಸ್ಪಾಟೆಡ್ ಔಲೆಟ್ ಸರ್," ಎಂದರು ಯಾಮಿನಿ ಮಿಸ್, ಸಣ್ಣ ದನಿಯಲ್ಲಿ.

"ಮಕ್ಕಳಿಗೆ ತಪ್ಪು ಮಾಹಿತಿ ಹೋಗಬಾರದು ಮಿಸ್." ಸರ್ ತಾವೇ ಪಿನ್ ಕಿತ್ತು ಚಿತ್ರವನ್ನು ಕೈಯಲ್ಲಿ ಹಿಡಿದರು. "ಯಾರದು?"

ಪದ್ದು ಮುಂದೆ ಬಂದಳು.

"ಹಸಿರು ಯಾಕಮ್ಮ ಹಚ್ಚಿದ್ದು?"

"ಬ್ರೌನ್ ಇರ್ಲಿಲ್ಲ ಸರ್."

"ಪಕ್ಕದವರ ಹತ್ತಿರ ಕೇಳಬಹುದಿತ್ತಲ್ಲ. ನಿನ್ನ ಬೆಂಚಿನಲ್ಲಿ ಯಾರು ಕೂತುಕೊಳ್ಳುವುದು?"

ಸೌಜನ್ಯಳ ಕಿವಿ ಬಿಸಿಯಾಯಿತು. ಇಡೀ ಕ್ಲಾಸಿಗೆ ಗೊತ್ತಿತ್ತು ಯಾರೆಂದು. ಸುಜಿತ್ ಅವಳ ಕಡೆ ತಿರುಗಿಯೂ ಆಗಿತ್ತು. ಪದ್ದು ಮಾತ್ರ ತಿರುಗಲಿಲ್ಲ. ನೆಲ ನೋಡುತ್ತಾ ನಿಂತಳು.

"ಕೇಂಬುಕ್ ಮರ್ತ್ ಹೋಯ್ತ್ ಸರ್," ಎಂದಳು.

"ಇನ್ನು ಮುಂದೆ ಕೇಳಿ ತಿಳಿದುಕೊಂಡು ಮಾಡಬೇಕು, ಆಯ್ತಾ?" ಎಂದು ಸರ್ ಮುಂದೆ ಹೋದರು.

ಮರೆಯುವುದೆಂದರೇನೆಂದು ಪದ್ದುವಿಗೆ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಯಾರ ಬರ್ತ್‌ಡೇ ಯಾವತ್ತು, ಯಾರು ಯಾವಾಗ ಯಾರ ರಬ್ಬರ್ ತೆಗೆದುಕೊಂಡಿದ್ದರು, ಎಲ್ಲ ಅವಳ ತಲೆಯಲ್ಲಿ ಇರುತ್ತಿತ್ತು. ಸೌಜನ್ಯ ಅಲ್ಲೇ ನಿಂತು ಆ ಮಾತನ್ನೇ ಯೋಚಿಸುತ್ತಿದ್ದಳು. ಆದ್ದರಿಂದ ಮೈಕಿನಲ್ಲಿ ತನ್ನ ಹೆಸರು ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

"ಫಸ್ಟ್ ಪ್ರೈಜ್, ಸೌಜನ್ಯ, ಸ್ನೋಯಿ ಔಲ್," ಎಂದು ಸರ್ ಇನ್ನೊಮ್ಮೆ ಕೂಗಿದರು. "ನೋಡಿ, ಈ ಮಗುವಿನ ಬಣ್ಣ ಗೆರೆಯಿಂದ ಒಂದು ಚೂರೂ ಹೊರಗೆ ಹೋಗಿಲ್ಲ. ಕೆಳಗೆ ಬರೆದದ್ದನ್ನು ಬರೆದ ಹಾಗೇ ಮಾಡಿದ್ದಾಳೆ. ಇದಕ್ಕೆ ಎಷ್ಟು ತಾಳ್ಮೆ ಬೇಕು."

ಹಾಲಿನಲ್ಲಿ ಚಪ್ಪಾಳೆ. ಕುಂದಾಪುರದ ಮಾರ್ಕೆಟಿನಲ್ಲಿ ಮೀನಿನ ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ ಓಡಿ ಬಂದಿದ್ದ ಸೌಜನ್ಯಳ ಅಮ್ಮ ಜಲಜ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ಸರ್ ಸೌಜನ್ಯಳ ಕೈಗೆ ಒಂದು ಪೆನ್ ಸ್ಟ್ಯಾಂಡ್ ಕೊಟ್ಟರು. ಗೂಬೆಯದೇ. ತಲೆಯಿಂದ ಕಾಲಿನ ತನಕ ಬಂಗಾರದ ಬಣ್ಣ.

"ಸರ್," ಎಂದು ಸುಜಿತ್ ಕೈ ಎತ್ತಿದ. "ಬಂಗಾರದ ಗೂಬೆ ಯಾವ ಜಾತಿ ಸರ್?"

ಸರ್ ಪೆನ್ ಸ್ಟ್ಯಾಂಡನ್ನೊಮ್ಮೆ, ಸುಜಿತನನ್ನೊಮ್ಮೆ ನೋಡಿದರು. "ಅದು ಪ್ರೈಜ್. ಪ್ರೈಜಿಗೆ ಜಾತಿ ಇಲ್ಲ. ಕೂತ್ಕೋ."

ಕಾರ್ಯಕ್ರಮ ಮುಗಿಯಿತು. ಅಮ್ಮ ಮತ್ತೆ ಮಾರ್ಕೆಟಿಗೆ ಓಡಿದಳು. ಸೌಜನ್ಯ ಹಾಲಿಗೆ ವಾಪಸ್ ಹೋದಳು. ಅತಿಥಿಗಳು ಚಾ ಕುಡಿದ ಮೇಜಿನ ಮೇಲೆ ಹಸಿರು ಹಾಲಕ್ಕಿ ಬಿದ್ದಿತ್ತು. ಅದರ ಮೇಲೆ ಯಾರೋ ಲೋಟ ಇಟ್ಟಿದ್ದರು. ಲೋಟ ಎತ್ತಿದರೆ ರೆಕ್ಕೆಯ ಮೇಲೆ ಚಾದ ದುಂಡನೆ ಕಲೆ. ಅಂತೂ ಅದಕ್ಕೂ ಬ್ರೌನ್ ಸಿಕ್ಕಿತ್ತು. ಅವಳು ಯೂನಿಫಾರ್ಮಿನ ತುದಿಯಿಂದ ಒತ್ತಿ ಒತ್ತಿ ಒರೆಸಿದಳು. ಕಲೆ ಪೂರ್ತಿ ಹೋಗಲಿಲ್ಲ.

ವ್ಯಾನ್ ತುಂಬಿತ್ತು. ಪದ್ದು ಹಿಂದಿನ ಸೀಟಿನಲ್ಲಿದ್ದಳು. ಸೌಜನ್ಯ ಅವಳ ಹತ್ತಿರ ಹೋಗಿ ಚಿತ್ರ ಚಾಚಿದಳು. ಇನ್ನೊಂದು ಕೈಯಲ್ಲಿ ಬಂಗಾರದ ಗೂಬೆ ಇದ್ದುದರಿಂದ ಕಂಬಿ ಹಿಡಿಯಲು ಕೈಯಿಲ್ಲದೆ ವ್ಯಾನ್ ಹೊರಟಾಗ ಒಮ್ಮೆ ವಾಲಿದಳು.

"ನೀ ಮರ್ತದ್ದಲ್ಲ," ಎಂದಳು.

ಪದ್ದು ಚಾದ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಹೌದ್," ಎಂದಳು ಆಮೇಲೆ.

ಪದ್ದು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಸ್ವಲ್ಪ ಸರಿದಳು. "ಕೂಕೊ. ಬೀಳ್ತೆ ನೀ."

ಸೌಜನ್ಯ ಪ್ರೈಜನ್ನು ಕಾಲಿನ ಬಳಿ ನೆಲದ ಮೇಲೆ ಇಟ್ಟು ಕೂತಳು. ಬೀಜಾಡಿ ಬರುವ ತನಕ ಕಿಟಕಿಯಿಂದ ಕಡಲ ಗಾಳಿ ಜೋರಾಗಿ ಬರುತ್ತಿತ್ತು. ಹಸಿರು ಹಾಲಕ್ಕಿ ಹಾರಿಹೋಗದ ಹಾಗೆ ಅದರ ಒಂದು ಬದಿಯನ್ನು ಪದ್ದು ಹಿಡಿದಿದ್ದಳು, ಇನ್ನೊಂದು ಬದಿಯನ್ನು ಸೌಜನ್ಯ.